ಗೋಡೆಯಾಚೆಯ ಮಂದೆ

ಆ ಊರಿಗೆ ಒಂದು ಹೆಸರಿತ್ತು. ಆದರೆ ಊರು ಬಿಟ್ಟು ಯಾರೂ ಎಲ್ಲಿಗೂ ಹೋಗುತ್ತಿರಲಿಲ್ಲವಾದ್ದರಿಂದ ಆ ಹೆಸರನ್ನು ಹೇಳಬೇಕಾದ ಪ್ರಸಂಗ ಬರುತ್ತಿರಲಿಲ್ಲ. ಅವರಿಗೆ ಗೊತ್ತಿದ್ದ ಜಾಗಗಳು ಎರಡೇ, ಒಳಗೆ ಮತ್ತು ಹೊರಗೆ. ನಡುವೆ ಸುಣ್ಣ ಬಳಿದ ಗೋಡೆ, ಗೋಡೆಗೆ ಒಂದೇ ಬಾಗಿಲು. ಒಳಗಿದ್ದದ್ದು ಶುದ್ಧ, ಹೊರಗಿದ್ದದ್ದು ಅಶುದ್ಧ. ಶುದ್ಧವಾದದ್ದು ಅಶುದ್ಧವನ್ನು ಮುಟ್ಟಿದರೆ ಶುದ್ಧವೇ ಕೆಡುತ್ತದೆ, ಅಶುದ್ಧ ತಿಳಿಯಾಗುವುದಿಲ್ಲ. ಇದು ಆ ಊರಿನ ನೇಮ. ಒಂದು ಹನಿ ಹುಳಿ ಬಿದ್ದರೆ ಕೊಡ ಹಾಲು ಒಡೆಯುತ್ತದೆ, ಕೊಡ ಹಾಲು ಹುಯ್ದರೆ ಹುಳಿ ಸಿಹಿಯಾಗುತ್ತದೆಯೇ, ಎಂದು ಅಜ್ಜಿಯರು ಮೊಮ್ಮಕ್ಕಳನ್ನು ಕೇಳುತ್ತಿದ್ದರು. ಮಕ್ಕಳು ಇಲ್ಲವೆಂದು ತಲೆಯಾಡಿಸುತ್ತಿದ್ದರು. ಪಾಠ ಅಲ್ಲಿಗೆ ಮುಗಿಯುತ್ತಿತ್ತು.

ಇದನ್ನು ಕೇಳಿ ನಗುವವರು ನಗಲಿ, ನಾನು ನಗುವುದಿಲ್ಲ. ತಪ್ಪು ಮಾಡಿ ಕೈ ಒರೆಸಿಕೊಂಡು ಉಣ್ಣಲು ಕೂರುವ ಊರುಗಳನ್ನು ಬೇಕಾದಷ್ಟು ನೋಡಿದ್ದೇನೆ. ಈ ಊರಿನವರು ಹಾಗಲ್ಲ. ತಪ್ಪಿಗೆ ತೂಕವಿದೆ, ಅದನ್ನು ಎಲ್ಲಾದರೂ ಇಳಿಸಲೇಬೇಕು, ಇಳಿಸುವುದಕ್ಕೆ ಒಂದು ಹೆಗಲು ಬೇಕು ಎಂದು ಅವರಿಗೆ ಗೊತ್ತಿತ್ತು. ಅಷ್ಟು ಗೊತ್ತಿದ್ದದ್ದೇ ದೊಡ್ಡದು.

ವರ್ಷಕ್ಕೊಮ್ಮೆ ಪರಿಹಾರದ ದಿನ ಬರುತ್ತಿತ್ತು. ಅಂದು ಯಾರ ಮನೆಯಲ್ಲೂ ಒಲೆ ಹಚ್ಚುವಂತಿಲ್ಲ. ಬಾಗಿಲ ಮುಂದಿನ ಬಯಲಿನಲ್ಲಿ ಒಂದು ಹೋತವನ್ನು ನಿಲ್ಲಿಸುತ್ತಿದ್ದರು. ಜನ ಸಾಲಾಗಿ ಬಂದು, ಒಬ್ಬೊಬ್ಬರೇ ಬಾಗಿ, ಅದರ ಕಿವಿಯಲ್ಲಿ ತಮ್ಮ ತಪ್ಪನ್ನು ಪಿಸುಗುಟ್ಟುತ್ತಿದ್ದರು. ಕೆಲವರದು ಒಂದೇ ಮಾತಿಗೆ ಮುಗಿಯುತ್ತಿತ್ತು. ಕೆಲವರು ಎರಡು ಕಿವಿಗೂ ಹಂಚಿ ಹೇಳುತ್ತಿದ್ದರು. ತಮ್ಮದನ್ನು ಬಿಟ್ಟು ನೆರೆಮನೆಯವಳ ತಪ್ಪನ್ನೇ ಹೇಳಿಬರುವವರೂ ಇದ್ದರು. ಊರಿನ ಯಾಜಕ ಅಂಥವರನ್ನು ಮುಖ ನೋಡಿಯೇ ಗುರುತಿಸಿ ಮತ್ತೆ ಸಾಲಿನ ಕೊನೆಗೆ ಕಳಿಸುತ್ತಿದ್ದ. ಕೊನೆಯಲ್ಲಿ ಯಾಜಕ ತಾನೂ ಬಾಗುತ್ತಿದ್ದ. ಎಲ್ಲರಿಗಿಂತ ಹೆಚ್ಚು ಹೊತ್ತು ಬಾಗಿರುತ್ತಿದ್ದವನು ಅವನೇ.

ಆಮೇಲೆ ಯಾಜಕ ಕೆಂಪು ನೂಲನ್ನು ತಂದು ಎರಡು ತುಂಡು ಮಾಡುತ್ತಿದ್ದ. ಒಂದು ತುಂಡು ಹೋತದ ಕೊಂಬಿಗೆ. ಇನ್ನೊಂದು ತುಂಡು ಬಾಗಿಲ ಒಳಮಗ್ಗುಲಿಗೆ, ಮಳೆ ಬಿಸಿಲು ತಾಗದ ಕಮಾನಿನ ನೆರಳಿಗೆ. ಪಾಪ ಅಳಿದ ದಿನ ಈ ನೂಲು ಬೆಳ್ಳಗಾಗುತ್ತದೆ ಎಂದು ಹಿರಿಯರು ಹೇಳಿಹೋಗಿದ್ದರು. ಊರವರು ಬೆಳಿಗ್ಗೆ ಎದ್ದು ಮುಖ ತೊಳೆದು ನೂಲನ್ನು ನೋಡುತ್ತಿದ್ದರು. ನೂಲು ಕೆಂಪಗಿರುತ್ತಿತ್ತು. ಬೆಳೆ ಬರುತ್ತಿತ್ತು, ಮದುವೆಗಳಾಗುತ್ತಿದ್ದವು, ನೂಲು ಕೆಂಪಗೇ ಇರುತ್ತಿತ್ತು. ವರ್ಷ ತಿರುಗಿದಾಗ ಯಾಜಕ ತಲೆ ತಗ್ಗಿಸಿ ಅದನ್ನು ಬಿಚ್ಚಿ, ಹೊಸದನ್ನು ಕಟ್ಟುತ್ತಿದ್ದ.

ಹೋತವನ್ನು ಹೊರಗೆ ಕರೆದೊಯ್ಯಲು ಒಬ್ಬನಿದ್ದ. ಅವನನ್ನು ಊರವರು ಬಿಡುವವನು ಎಂದು ಕರೆಯುತ್ತಿದ್ದರು. ಬಾಗಿಲಾಚೆಗೆ ಹೋಗಿ ಮರಳಿ ಬರಬಹುದಾದವನು ಅವನೊಬ್ಬನೇ. ಬರಡು ಬಯಲನ್ನು ದಾಟಿ, ಮುಳ್ಳುಗುಡ್ಡದ ತಪ್ಪಲಿಗೆ ಹೋಗಿ, ಹಗ್ಗ ಬಿಚ್ಚಿ, ಚಪ್ಪಾಳೆ ತಟ್ಟಿ ಹೋತವನ್ನು ಓಡಿಸಬೇಕು. ಬಿಟ್ಟ ಮೇಲೆ ತಿರುಗಿ ನೋಡಬಾರದು. ಬಾಗಿಲ ಹೊರಗಿನ ಕಲ್ಲುಬಾನಿಯಲ್ಲಿ ಬಟ್ಟೆ ಒಗೆದು, ಮೈ ತೊಳೆದು, ಹೊತ್ತು ಮುಳುಗುವುದರೊಳಗೆ ಒಳಗೆ ಬರಬೇಕು. ಅವನು ಬಂದ ಮೇಲೆಯೇ ಒಲೆಗಳು ಹತ್ತುತ್ತಿದ್ದವು. ಹೋತವನ್ನು ವರ್ಷವಿಡೀ ಸಾಕುವುದೂ ಅವನ ಪಾಲಿನ ಕೆಲಸ. ಸಾಕಿದ ಕೈಯಲ್ಲೇ ಬಿಟ್ಟು ಬರುವುದು ಸುಲಭವಲ್ಲ. ಆದರೆ ಅವನನ್ನು ಯಾರೂ ಅದನ್ನು ಕೇಳಿರಲಿಲ್ಲ.

ಅವನಿಗೂ ಕಿವಿಯಲ್ಲಿ ಹೇಳುವ ಒಂದು ತಪ್ಪಿತ್ತು. ಕೆಲವು ವರ್ಷಗಳಿಂದ ಅದೇ ಒಂದು.

ಅವನಿಗೆ ತಾಯಿಯಿಲ್ಲದ ಒಬ್ಬ ಮಗಳಿದ್ದಳು. ಹೋತಗಳ ಜೊತೆಯಲ್ಲೇ ಬೆಳೆದವಳು. ಒಮ್ಮೆ ಅವಳ ಮುಂಗೈ ಮೇಲೆ ಒಂದು ಬಿಳಿ ಕಲೆ ಕಾಣಿಸಿತು. ಯಾಜಕ ನೋಡಿದ, ಕಾದ, ಮತ್ತೆ ನೋಡಿದ. ಕಲೆ ಹರಡಿತ್ತು. ಅವನು ಕಣ್ಣೀರು ಒರೆಸಿಕೊಂಡೇ ನೇಮದ ಮಾತು ಹೇಳಿದ. ಕಲೆಯಿದ್ದವರು ಹೊರಗೆ ಹೋಗಬೇಕು, ಮೇಲ್ದುಟಿಯನ್ನು ಬಟ್ಟೆಯಿಂದ ಮುಚ್ಚಿಕೊಳ್ಳಬೇಕು, ಯಾರಾದರೂ ಎದುರಾದರೆ "ಅಶುದ್ಧ, ಅಶುದ್ಧ" ಎಂದು ಕೂಗಿ ಎಚ್ಚರಿಸಬೇಕು. ಬಾಗಿಲ ತನಕ ಬಿಟ್ಟು ಬರುವುದು ಹೆತ್ತವರ ಪಾಲು. ಅಪ್ಪ ಮಗಳು ಬಾಗಿಲಿಗೆ ಬಂದರು. ಹೊಸ್ತಿಲು ದಾಟುವಾಗ ಮಗಳು ತಿರುಗಿ ಕೈ ಚಾಚಿದಳು. ಮಾರನೆಯ ದಿನ ಪರಿಹಾರದ ದಿನ. ಅವನು ಹೋತವನ್ನು ಹಿಡಿಯಬೇಕು, ಹಿಡಿಯಲು ಶುದ್ಧನಾಗಿರಬೇಕು, ಇಡೀ ಊರು ಅವನನ್ನು ನಂಬಿ ಉಪವಾಸ ಕೂತಿರುತ್ತದೆ. ಅವನು ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡ. ಚಾಚಿದ ಕೈ ಗಾಳಿಯಲ್ಲಿ ಸ್ವಲ್ಪ ಹೊತ್ತು ನಿಂತು ಕೆಳಗಿಳಿಯಿತು.

ಊರವರು ಕಲ್ಲುಹೃದಯದವರಲ್ಲ. ಹೊರಗೆ ಒಂದು ಚಪ್ಪಟೆ ಬಂಡೆಯಿತ್ತು. ಗೋಡೆಯ ಮೇಲಿಂದ ಬುಟ್ಟಿ ಇಳಿಬಿಟ್ಟು ಆ ಬಂಡೆಯ ಮೇಲೆ ರೊಟ್ಟಿ ಇಡುತ್ತಿದ್ದರು. ಆದರೆ ರೊಟ್ಟಿ ಇಟ್ಟಲ್ಲೇ ಒಣಗಿತು, ಕಾಗೆಗಳು ತಿಂದವು. ಹುಡುಗಿ ಹೋದಳು ಎಂದುಕೊಂಡರು. ಯಾಜಕ ತಾನೇ ಬುಟ್ಟಿಯ ಹಗ್ಗವನ್ನು ಸುತ್ತಿ ಒಳಗಿಟ್ಟ. ಅಂದಿನಿಂದ ಬಿಡುವವನು ಪ್ರತಿ ವರ್ಷ ಹೋತದ ಕಿವಿಯಲ್ಲಿ "ನಾನು ಕೈ ಹಿಡೀಲಿಲ್ಲ" ಎಂದು ಹೇಳುತ್ತಿದ್ದ. ತಾನೇ ಅದನ್ನು ಗುಡ್ಡದ ತನಕ ನಡೆಸಿಕೊಂಡು ಹೋಗಿ ಬಿಟ್ಟು ಬರುತ್ತಿದ್ದ. ಅವನು ಮನೆಗೆ ಬಂದು ಬಾಗಿಲು ತೆರೆಯುವಷ್ಟರಲ್ಲಿ ಆ ಮಾತು ಅವನಿಗಿಂತ ಮೊದಲೇ ಬಂದು ಒಲೆಯ ಪಕ್ಕ ಕೂತಿರುತ್ತಿತ್ತು.

ಈ ವರ್ಷದ ಹೋತಕ್ಕೆ ಹುಟ್ಟಿದಾಗಲೇ ತಾಯಿ ಸತ್ತಿತ್ತು. ಬಿಡುವವನು ಅದಕ್ಕೆ ಬಟ್ಟೆಯ ಬತ್ತಿಯಲ್ಲಿ ಹಾಲು ಕುಡಿಸಿದ್ದ. ಮಗಳು ಮಲಗುತ್ತಿದ್ದ ಮೂಲೆಯಲ್ಲೇ ಅದನ್ನು ಮಲಗಿಸಿದ್ದ. ಬೇಡ ಬೇಡವೆಂದರೂ ಪ್ರೀತಿ ಬೆಳೆದಿತ್ತು. ಪರಿಹಾರದ ದಿನ ಬಂತು. ಊರು ಅದರ ಕಿವಿಯಲ್ಲಿ ಹೇಳುವುದನ್ನೆಲ್ಲ ಹೇಳಿತು. ಅವನು ಬಿಟ್ಟು ಬಂದ, ತೊಳೆದುಕೊಂಡ, ಒಲೆಗಳು ಹತ್ತಿದವು.

ಕೆಲವು ದಿನ ಕಳೆದು ಒಂದು ಬೆಳಿಗ್ಗೆ ಹೋತ ಮರಳಿ ಬಂದಿತು.

ಬಾಗಿಲ ಹೊರಗೆ ನಿಂತು ಅದು ಅರಚಿತು. ಊರಿನಲ್ಲಿ ಹಿಂದೆಂದೂ ಹೀಗಾಗಿರಲಿಲ್ಲ. ಪಾಪ ಹೋದ ದಾರಿಯಲ್ಲಿ ವಾಪಸ್ಸು ಬಂದರೆ ಏನು ಮಾಡಬೇಕೆಂದು ನೇಮದಲ್ಲಿ ಹೇಳಿರಲಿಲ್ಲ. ಬಾಗಿಲು ಮುಚ್ಚಿಯೇ ಇತ್ತು, ಆದರೂ ಓಡಿ ಹೋಗಿ ಅಗುಳಿಯ ಮೇಲೆ ಇನ್ನೊಂದು ಅಗುಳಿ ಹಾಕಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರು ಅನ್ನುತ್ತಾರಲ್ಲ, ಹಾಗೆ ಊರಿಗೆ ಊರೇ ಹೆಗಲು ಮುಟ್ಟಿಕೊಂಡಿತು. ಹೋತ ಒಂದೊಂದು ಸಲ ಅರಚಿದಾಗಲೂ ಒಬ್ಬೊಬ್ಬರಿಗೆ ಅದು ತಮ್ಮ ಮಾತನ್ನೇ ಗಟ್ಟಿಯಾಗಿ ಹೇಳುತ್ತಿದೆ ಅನ್ನಿಸಿತು. ಗಂಡ ಹೆಂಡತಿಯ ಮುಖ ನೋಡಲಿಲ್ಲ. ಯಾರೂ ಹೇಳದಿದ್ದರೂ ಒಲೆಗಳು ಆರಿದವು.

ಊರ ಹಿರಿಯ ಬಿಡುವವನನ್ನು ಕರೆಸಿದ. "ನೀನು ಬಿಟ್ಟಿದ್ದೇ ಸರಿಯಾಗಿಲ್ಲ" ಎಂದ. "ಈ ಸಲ ಬಿಡೋದಲ್ಲ. ಗುಡ್ಡದ ತುದೀಗೆ ಕರ್ಕೊಂಡ್ಹೋಗಿ ಕೆಳಗೆ ತಳ್ಳಿಬಿಡು. ಇನ್ನೊಂದ್ಸಲ ಬರಬಾರದು."

ಬಿಡುವವನು ಯಾಜಕನ ಕಡೆ ನೋಡಿದ. ಯಾಜಕ ನೆಲ ನೋಡುತ್ತಿದ್ದ. "ಜನ ಉಣ್ತಿಲ್ಲಪ್ಪ" ಎಂದ ಮೆಲ್ಲಗೆ. "ಹಸಿದ ಮಕ್ಕಳಿದ್ದಾರೆ. ಹೋಗಿ ಬಾ."

ಬಾಗಿಲನ್ನು ಅವನು ಹಿಡಿಸುವಷ್ಟೇ ತೆರೆದರು. ಹೋತ ಓಡಿ ಬಂದು ಅವನ ಮೊಣಕಾಲಿಗೆ ಹಣೆ ಉಜ್ಜಿತು. ಹಗ್ಗ ಹಾಕಲು ಬಾಗಿದವನು ಹಾಗೇ ಉಳಿದ. ಅದರ ಹಿಂಗಾಲಿಗೆ ಗಾಯವಾಗಿತ್ತು. ಗಾಯದ ಮೇಲೆ ಬಟ್ಟೆಯ ಪಟ್ಟಿ ಕಟ್ಟಿತ್ತು. ಗಂಟಿನ ತುದಿಯನ್ನು ಒಳಗೆ ಮಡಿಸಿ ಸಿಕ್ಕಿಸಿತ್ತು. ತುದಿ ಹೊರಗಿದ್ದರೆ ಆಡುಗಳು ಜಗಿದು ಬಿಚ್ಚಿಹಾಕುತ್ತವೆ. ಹಾಗೆ ಒಳಗೆ ಮಡಿಸಿ ಕಟ್ಟುವುದನ್ನು ಅವನು ಒಬ್ಬರಿಗೆ ಮಾತ್ರ ಕಲಿಸಿದ್ದ.

ಅವನು ಹಗ್ಗ ಹಾಕಿದ. ಗೋಡೆಯ ಮೇಲಿದ್ದವರಿಗೆ ಅವನು ಹೋತವನ್ನು ಎಳೆದುಕೊಂಡು ಹೋದಂತೆ ಕಂಡಿತು. ಬಯಲಿನಲ್ಲಿ ಮರೆಯಾದ ಮೇಲೆ ಅವನು ಹಗ್ಗ ಬಿಟ್ಟ. ಹೋತ ಮುಂದೆ, ಅವನು ಹಿಂದೆ. ಪ್ರತಿ ವರ್ಷ ತಾನು ಚಪ್ಪಾಳೆ ತಟ್ಟಿ ಹಿಂದಿರುಗುತ್ತಿದ್ದ ಜಾಗವನ್ನು ದಾಟಿದ. ಅದರಾಚೆಗೆ ಅವನು ಕಾಲಿಟ್ಟಿರಲಿಲ್ಲ. ಮುಳ್ಳಿನ ನಡುವೆ ಒಂದು ಕಾಲುದಾರಿಯಿತ್ತು, ಗೊರಸುಗಳು ತುಳಿದು ತುಳಿದು ನುಣ್ಣಗಾದ ದಾರಿ. ಗುಡ್ಡ ಬಳಸಿ ಇಳಿದರೆ ಒಂದು ಒರತೆ, ಒರತೆಯ ಸುತ್ತ ಹುಲ್ಲು. ಹುಲ್ಲಿನಲ್ಲಿ ಹೋತಗಳ ಒಂದು ಮಂದೆಯೇ ಮೇಯುತ್ತಿತ್ತು.

ಅವನು ಬಿಟ್ಟ ಹೋತಗಳೇ ಅವು. ಒಂದೊಂದನ್ನೂ ಗುರುತು ಹಿಡಿದ. ಕಿವಿ ಹರಿದದ್ದು, ಹಣೆಯಲ್ಲಿ ಬಿಳಿ ಬೊಟ್ಟಿದ್ದದ್ದು, ಹಗ್ಗ ಕಂಡರೆ ಕೂತುಬಿಡುತ್ತಿದ್ದ ಆ ಮೊಂಡ. ಸತ್ತಿವೆ ಅಂದುಕೊಂಡಿದ್ದವು ಇಲ್ಲಿ ಗಡ್ಡ ಬಿಟ್ಟುಕೊಂಡು ಮುದುಕರಾಗಿದ್ದವು.

"ಅಶುದ್ಧ, ಅಶುದ್ಧ" ಎಂದು ಯಾರೋ ಕೂಗಿದರು. ಮಂದೆಯ ನಡುವಿನಿಂದ ಒಬ್ಬ ಹೆಣ್ಣುಮಗಳು ಎದ್ದು ನಿಂತಳು. ಅಭ್ಯಾಸಬಲದಿಂದ ಸೆರಗನ್ನು ತುಟಿಗೆ ಒತ್ತಿಕೊಂಡಿದ್ದಳು. ಆಮೇಲೆ ಬಂದವನು ಯಾರೆಂದು ನೋಡಿದಳು.

"ಅಪ್ಪ, ಅಲ್ಲೇ ನಿಲ್ಲು" ಎಂದಳು. "ಗಾಳಿ ನಿನ್ನ ಕಡೆಗೇ ಬೀಸ್ತಾ ಇದೆ."

"ಬೀಸ್ಲಿ ಬಿಡು. ನೀನು ಬದುಕಿದ್ದೀಯ ಅಂತ ನಂಗೆ ಗೊತ್ತಿರ್ಲಿಲ್ಲ ಮಗಾ. ರೊಟ್ಟಿ ಹಾಗೇ ಉಳೀತಿತ್ತು."

"ಆ ಬಂಡೆ ಹತ್ರ ನೀರಿಲ್ಲ ಅಪ್ಪ, ಬಾನಿ ನಾನು ಮುಟ್ಟೋ ಹಾಗಿಲ್ಲ. ನೀರು ಹುಡುಕ್ತಾ ಹೋಗಿ ಗುಡ್ಡದ ತಪ್ಪಲಲ್ಲಿ ಮುಳ್ಳಿನ ಮರೇಲಿ ಬಾಯಾರಿ ಬಿದ್ದಿದ್ದೆ. ಮಾರನೇ ದಿನ ನೀನು ಹೋತ ಬಿಟ್ಟು ಹೋದ್ಯಲ್ಲ, ಅದು ಎಲ್ಲಿಗೋ ಹೊರಟಿತು. ಅದರ ಹಿಂದೇನೇ ನಡೆದೆ. ಅದಕ್ಕೆ ನೀರಿನ ವಾಸನೆ ಗೊತ್ತಾಗಿತ್ತು."

ಅವನು ಒಂದು ಹೆಜ್ಜೆ ಮುಂದಿಟ್ಟ. ಅವಳು ಒಂದು ಹೆಜ್ಜೆ ಹಿಂದಿಟ್ಟಳು.

"ಊರಿನ ಪಾಪ ಎಲ್ಲ ಇವುಗಳ ಮೇಲಿದೆ. ಇವುಗಳ ಮಧ್ಯೆ ಮಲಗೋಕೆ ನಿಂಗೆ ಹೆದರಿಕೆ ಆಗ್ಲಿಲ್ವಾ?"

"ಮೊದಮೊದ್ಲು ಆಗ್ತಿತ್ತು. ಒಂದಿನ ಕಿವಿಗೆ ಕಿವಿ ಇಟ್ಟು ಕೇಳ್ದೆ. ಮೆಲುಕು ಹಾಕೋ ಸದ್ದು ಬಿಟ್ರೆ ಇನ್ನೇನೂ ಕೇಳಿಸ್ಲಿಲ್ಲ." ಅವಳು ನಕ್ಕಂತಾಯಿತು, ಸೆರಗಿನ ಮರೆಯಲ್ಲಿ ಸರಿಯಾಗಿ ಕಾಣಲಿಲ್ಲ. "ಪಾಪ ಏನಾಯ್ತೋ ನಂಗೊತ್ತಿಲ್ಲ ಅಪ್ಪ. ಇವು ಹುಲ್ಲು ತಿಂತವೆ, ನೀರು ಕುಡೀತವೆ, ಅಷ್ಟೆ."

ಆಗ ಅವನು ಕೊಂಬುಗಳನ್ನು ನೋಡಿದ. ಪ್ರತಿ ಕೊಂಬಿನಲ್ಲೂ ನೂಲಿತ್ತು. ಅವನ ಜೊತೆ ಬಂದ ಹೋತದ್ದು ಮಾತ್ರ ಕೆಂಪಗಿತ್ತು. ಉಳಿದವೆಲ್ಲ ಬೆಳ್ಳಗಿದ್ದವು. ಹತ್ತಿಯಷ್ಟು ಬೆಳ್ಳಗೆ.

"ಇವು ಯಾವಾಗ ಹೀಗಾದವು?" ಎಂದು ಕೇಳಿದ.

"ಒಂದು ಬೇಸಿಗೆ ಸಾಕು. ಬಿಸಿಲು, ಇಬ್ಬನಿ, ಮಳೆ. ಬಣ್ಣ ಎಷ್ಟು ದಿನ ನಿಲ್ಲುತ್ತೆ? ಯಾಕಪ್ಪ, ಊರಲ್ಲಿರೋದು ಬೆಳ್ಳಗಾಗಿಲ್ವಾ?"

ಅವನು ಹುಲ್ಲಿನ ಮೇಲೆ ಕುಸಿದು ಕೂತ. ಊರು ತಲೆತಲಾಂತರದಿಂದ ಬೆಳಿಗ್ಗೆ ಎದ್ದು ನೆರಳಿನಲ್ಲಿ ಕಟ್ಟಿದ ನೂಲನ್ನು ನೋಡುತ್ತಾ ಕಾದಿತ್ತು. ಅವರು ಬೇಡಿದ್ದು ಎಂದೋ ನಡೆದುಹೋಗಿತ್ತು. ಇಲ್ಲಿ, ಹೊರಗೆ, ತಿರುಗಿ ನೋಡಬಾರದ ಕಡೆ ನಡೆದುಹೋಗಿತ್ತು. ಯಾರೂ ಬಂದು ನೋಡಿರಲಿಲ್ಲ, ಅಷ್ಟೇ.

"ಮಗಾ" ಎಂದ. "ಅವತ್ತು ಬಾಗಿಲಲ್ಲಿ ನೀನು ಕೈ ಚಾಚಿದೆ. ನಾನು ಹಿಡೀಲಿಲ್ಲ."

"ಗೊತ್ತು. ಮಾರನೇ ದಿನ ನೀನು ಹೋತ ಹಿಡೀಬೇಕಿತ್ತಲ್ಲ. ಗೊತ್ತಿದ್ದೂ ನಾನು ಕೈ ಚಾಚಬಾರದಿತ್ತು." ಅವಳು ತಲೆ ತಗ್ಗಿಸಿದಳು. "ತಪ್ಪು ನಂದೇ ಅಪ್ಪ. ಪ್ರತಿ ವರ್ಷ ಹೊಸ ಹೋತ ಬಂದಾಗ ನಾನೂ ಅದರ ಕಿವೀಲಿ ಅದನ್ನೇ ಹೇಳ್ತೀನಿ."

ಅವನಿಗೆ ತಡೆಯಲಾಗಲಿಲ್ಲ. ಎದ್ದು ಹೋದ. ಅವಳು "ಬೇಡ, ಬೇಡ" ಎನ್ನುತ್ತಾ ಹಿಂದೆ ಸರಿದಳು. ಹಿಂದೆ ಹೋತಗಳಿದ್ದವು, ಸರಿಯಲು ಜಾಗವಿರಲಿಲ್ಲ. ಬಿಳಿ ಕಲೆ ಭುಜದ ತನಕ ಹಬ್ಬಿದ್ದ ಆ ಕೈಯನ್ನು ಅವನು ಎರಡೂ ಕೈಯಲ್ಲಿ ಹಿಡಿದುಕೊಂಡ. ಹಿಡಿದುಕೊಂಡು ಅತ್ತ. ಕೈ ಬೆಚ್ಚಗಿತ್ತು, ಸ್ವಲ್ಪ ಒರಟಾಗಿತ್ತು. ಹುಳಿ ಬಿದ್ದು ಹಾಲು ಒಡೆಯಿತೋ, ಹಾಲು ಬಿದ್ದು ಹುಳಿ ಸಿಹಿಯಾಯಿತೋ, ಅವನು ಆಗ ಯೋಚಿಸಲಿಲ್ಲ.

"ನಡಿ" ಎಂದ ಆಮೇಲೆ. "ಅಲ್ಲಿ ಜನ ಒಲೆ ಆರಿಸ್ಕೊಂಡು ಕೂತಿದ್ದಾರೆ. ಅವ್ರಿಗೆ ಹೇಳ್ಬೇಕು."

"ನಾನೆಲ್ಲಿಗೆ ಬರ್ಲಿ ಅಪ್ಪ? ನೀನು ತೊಳ್ಕೊಂಡು ಒಳಗೆ ಹೋಗು. ನಂಗೆ ಇಲ್ಲೇ ಸರಿ."

ಅವನು ಕೈ ಬಿಡಲಿಲ್ಲ.

ಹೊತ್ತು ಇಳಿಯುವಾಗ ಅವರು ಗೋಡೆಯ ಹತ್ತಿರ ಬಂದರು. ಅಪ್ಪ, ಮಗಳು, ಕುಂಟುವ ಹೋತ, ಅದರ ಹಿಂದೆ ಇಡೀ ಮಂದೆ. ಗೋಡೆಯ ಮೇಲೆ ಜನ ಸೇರಿದರು. ಮಂದೆಯನ್ನು ಕಂಡು ಹೆಂಗಸರು ಮಕ್ಕಳ ಕಣ್ಣು ಮುಚ್ಚಿದರು. ಎಂದೋ ಕಳಿಸಿದ ಪಾಪಗಳೆಲ್ಲ ಸಾಲುಗಟ್ಟಿ ಬರುತ್ತಿರುವುದನ್ನು ಅವರು ನೋಡುತ್ತಿದ್ದರು.

"ಒಂದನ್ನ ತಳ್ಳಿ ಬಾ ಅಂದ್ರೆ ಎಲ್ಲಾನೂ ಹೊಡ್ಕೊಂಡು ಬಂದ್ಯಾ" ಎಂದ ಊರ ಹಿರಿಯ. "ತಲೆ ನೆಟ್ಟಗಿದೆಯಾ ನಿಂಗೆ?"

"ನೂಲು ನೋಡಿ" ಎಂದು ಬಿಡುವವನು ಕೆಳಗಿನಿಂದ ಕೂಗಿದ. "ಪಾಪ ವಾಪಸ್ ಬಂದಿಲ್ಲ. ಎಲ್ಲ ಬೆಳ್ಳಗಾಗಿದೆ. ಹೋದ ವರ್ಷದ್ದು, ಅದರ ಹಿಂದಿನ ವರ್ಷದ್ದು, ಎಲ್ಲ."

"ಸುಣ್ಣದ ನೀರಲ್ಲಿ ಅದ್ದಿರ್ತಾನೆ" ಎಂದರು ಯಾರೋ. ಕೆಲವರು ಹೌದೆಂದರು, ಕೆಲವರು ಬರಿದೇ ನೋಡುತ್ತಿದ್ದರು.

ಯಾಜಕ ಮಾತ್ರ ನೂಲನ್ನು ನೋಡುತ್ತಿರಲಿಲ್ಲ. ಗೋಡೆಯ ಅಂಚಿನಿಂದ ಬಾಗಿ ಕೇಳಿದ, "ಆ ಮಗು ನಾನು ಕಳಿಸಿದ ಮಗುವಾ?"

"ಹೌದು ಸ್ವಾಮಿ."

ಯಾಜಕ ನೇಮದ ಮಾತನ್ನೇ ಹೇಳಿದ. "ಹೊತ್ತು ಮುಳುಗ್ತಾ ಇದೆಯಪ್ಪ. ಬಾನಿಯಲ್ಲಿ ನೀರಿದೆ. ತೊಳ್ಕೊಂಡು ಒಳಗೆ ಬಂದುಬಿಡು. ನಿಂಗಾದ್ರೂ ಬರೋದಕ್ಕೆ ದಾರಿ ಇದೆ."

ಬಿಡುವವನು ಕಲ್ಲುಬಾನಿಯನ್ನು ನೋಡಿದ. ತುಂಬಿದ ತಿಳಿನೀರು. ಮೈ ತೊಳೆದರೆ ಸಾಕು, ಬಾಗಿಲು ತೆರೆಯುತ್ತದೆ, ಒಲೆ ಹತ್ತುತ್ತದೆ, ಅವನ ಹಾಸಿಗೆ ಅವನಿಗೆ ಸಿಗುತ್ತದೆ. ಆದರೆ ತೊಳೆಯಬೇಕಾದರೆ ಕೈ ಬಿಡಬೇಕು.

"ಇದೇ ಬಾಗಿಲಲ್ಲಿ ಒಂದ್ಸಲ ಬಿಟ್ಟಿದ್ದೀನಿ ಸ್ವಾಮಿ" ಎಂದ. "ಇನ್ನೊಂದ್ಸಲ ನನ್ನಿಂದಾಗಲ್ಲ."

ಅವನು ಮಗಳನ್ನು ಕೂರಿಸಿ, ತಾನೂ ಗೋಡೆಗೆ ಒರಗಿ ಕೂತ. ಹೋತಗಳು ಬಾನಿಗೆ ಮೂತಿ ಹಾಕಿ ಶುದ್ಧೀಕರಣದ ನೀರನ್ನು ಸೊರ್ರೆಂದು ಕುಡಿದು ಖಾಲಿ ಮಾಡಿದವು. ಹೊತ್ತು ಮುಳುಗಿತು. ಬಾಗಿಲು ತೆರೆಯಲಿಲ್ಲ.

ಮುಂದೆ ಎಷ್ಟೋ ಕಾಲದ ಮೇಲೆ ಇನ್ನೊಂದು ಊರಿನ ಬಾಗಿಲಾಚೆ, ಗುಡ್ಡದ ಮೇಲೆ, ಶಿಲುಬೆಯಲ್ಲಿ, ತನ್ನದಲ್ಲದ ಪಾಪವನ್ನೆಲ್ಲ ಮೈಮೇಲೆ ಹಾಕಿಕೊಂಡು, ತೊಳೆದುಕೊಳ್ಳಲು ಮರಳಿ ಬಾರದೆ ಹೊರಗೇ ಉಳಿದ ಒಬ್ಬಾತನ ಕಥೆ ನಿಮಗೆ ಗೊತ್ತು. ಅದು ದೊಡ್ಡ ಕಥೆ. ಈ ಬಿಡುವವನು ಆತನಲ್ಲ, ಆತನ ಹೆಸರನ್ನೂ ಇವನು ಕೇಳಿರಲಿಲ್ಲ. ಆದರೆ ಮನುಷ್ಯನಿಗಿಂತ ಮೊದಲು ಅವನ ನೆರಳು ತಿರುವಿನಲ್ಲಿ ಕಾಣಿಸುವುದುಂಟು. ಆ ಸಂಜೆ ಆ ಗೋಡೆಯ ಬುಡದಲ್ಲಿ ಬಿದ್ದಿದ್ದು ಆ ನೆರಳೇ ಎಂದು ನಾನು ನಂಬಿದ್ದೇನೆ.

ಒಳಗೆ ಯಾಜಕ ಕಮಾನಿನ ಕೆಳಗೆ ಕೂತಿದ್ದ. ಅವನ ತಲೆಯ ಮೇಲೆ ನೂಲು ಕೆಂಪಗಿತ್ತು. ವರ್ಷ ವರ್ಷವೂ ಎಲ್ಲರಿಗಿಂತ ಹೆಚ್ಚು ಹೊತ್ತು ಬಾಗಿ ಅವನು ಹೋತದ ಕಿವಿಯಲ್ಲಿ ಹೇಳುತ್ತಿದ್ದುದು, ತಾನು ಹೊರಗೆ ಕಳಿಸಿದವರ ಹೆಸರುಗಳನ್ನು. ನೇಮ ಸರಿಯೆಂದು ಅವನಿಗೆ ಗೊತ್ತಿತ್ತು. ಕಳಿಸಿದ ಕೈ ತನ್ನದೆಂಬುದೂ ಗೊತ್ತಿತ್ತು. ಹೊರಗೆ ಹೋದರೆ ಅವನು ಮತ್ತೆ ಯಾಜಕನಾಗುವಂತಿರಲಿಲ್ಲ, ಹೋತದ ಕೊಂಬಿಗೆ ನೂಲು ಕಟ್ಟುವಂತಿರಲಿಲ್ಲ, ಊರಿಗಾಗಿ ಬೇಡುವಂತಿರಲಿಲ್ಲ. ಅವನ ಬದುಕೆಲ್ಲ ಆ ಬಾಗಿಲಿನ ಒಳಮಗ್ಗುಲೇ ಆಗಿತ್ತು.

ಬೆಳಗಾಯಿತು. ಜನ ಎದ್ದು, ಮುಖ ತೊಳೆದು, ನೂಲು ನೋಡಲು ಬಂದರು. ಕಮಾನಿನಲ್ಲಿ ನೂಲಿರಲಿಲ್ಲ. ಯಾಜಕ ಅಗುಳಿಗಳನ್ನು ಒಂದೊಂದಾಗಿ ತೆಗೆಯುತ್ತಿದ್ದ. ಊರ ಹಿರಿಯ ಅವನ ಹೆಗಲು ಹಿಡಿಯಲು ಕೈ ಎತ್ತಿದ. ಆದರೆ ಹೊರಗೆ ಹೊರಟವನನ್ನು ಮುಟ್ಟಬಹುದೋ ಬಾರದೋ ತಿಳಿಯದೆ ಕೈಯನ್ನು ಹಾಗೇ ಇಳಿಸಿದ.

ಬಾಗಿಲ ಸದ್ದಿಗೆ ಮಗಳು ಎಚ್ಚೆತ್ತಳು. ಅಪ್ಪನ ಕೈ ಅವಳ ಕೈಯಲ್ಲೇ ಇತ್ತು. ಹೊಸ್ತಿಲ ಮೇಲೆ ಬಿಳಿ ಬಟ್ಟೆಯ ಯಾಜಕ ನಿಂತಿದ್ದ, ಮುಷ್ಟಿಯಲ್ಲಿ ಕೆಂಪು ನೂಲು. ಅವಳು ಗಡಬಡಿಸಿ ಸೆರಗಿಗಾಗಿ ತಡಕಾಡಿದಳು, ಕೂಗಲು ಬಾಯಿ ತೆರೆದಳು.

ಅಷ್ಟರಲ್ಲಿ ಯಾಜಕ ತನ್ನ ಶಲ್ಯದ ಅಂಚನ್ನು ಎತ್ತಿ ತನ್ನ ಮೇಲ್ದುಟಿಯನ್ನು ಮುಚ್ಚಿಕೊಂಡ. ಹೊಸ್ತಿಲು ದಾಟಿದ.

"ಅಶುದ್ಧ" ಎಂದು ಕೂಗಿದ. ಮುದುಕನ ದನಿ ಒಡೆದಿತ್ತು. "ಅಶುದ್ಧ."

ಅವಳ ಮುಂದೆ ಬಂದು ನಿಂತು ಮುಷ್ಟಿ ಬಿಚ್ಚಿದ. "ಇದನ್ನ ಎಲ್ಲಿ ಕಟ್ಟಬೇಕಮ್ಮ?"

ಅವಳು ಅಪ್ಪನ ಮುಖ ನೋಡಿದಳು. ತೆರೆದ ಬಾಗಿಲಲ್ಲಿ ಗುಂಪುಗೂಡಿದ್ದ ಜನರನ್ನು ನೋಡಿದಳು. ಆಮೇಲೆ ತುಟಿಯ ಮೇಲಿನ ಸೆರಗನ್ನು ತೆಗೆದು, ಪಕ್ಕಕ್ಕೆ ಸರಿದು ಜಾಗ ಮಾಡಿದಳು.

"ಇಲ್ಲಿ ಬನ್ನಿ ಸ್ವಾಮಿ" ಎಂದಳು. "ಇಲ್ಲಿ ಬಿಸಿಲಿದೆ."